ಕಲ್ಲು ಹಿಡಿಯುವವಳು

ಬಂದರಿನ ಇದಿನಬ್ಬರ ಗುಜರಿಯಲ್ಲಿ
ಹದಿನೆಂಟು ವರ್ಷ ನಿಂತಲ್ಲೇ ನಿಂತ
ಚಪ್ಪಟೆ ಮೂತಿಯ ವಿಲ್ಲಿಸ್ ಟ್ರಕ್ಕು.
ಸ್ಟಿಯರಿಂಗಿನ ಕೆಳಗೆ ಕೋಳಿ ಕಾವು ಕೂತಿತ್ತು.
ಮರಿ ಹೊರಬರುವ ತನಕ ಮುಟ್ಟುವ ಹಾಗಿಲ್ಲ ಎಂದರು ಇದಿನಬ್ಬ.
ಹನ್ನೊಂದು ದಿನ ಕಾದೆವು.
ನನ್ನ ಚಿಟ್ ಫಂಡಿನ ದುಡ್ಡು ಅಷ್ಟೂ ದಿನ
ಇವರ ಅಂಗಿಯ ಜೇಬಿನಲ್ಲಿ ಕಾವು ಕೂತಿತ್ತು.

ಕ್ರೇನಿನಲ್ಲಿ ನೇತಾಡುತ್ತ ಜಪ್ಪಿಗೆ ಬಂತು.
ಓಣಿಯ ಬಾಯಲ್ಲಿ ತಿರುಗದೆ ನಿಂತಾಗ
ಸಿಸಿಲಿಯಾ ಬಾಯಿ ತಮ್ಮ ದಾಸವಾಳದ ಬೇಲಿ ತಾವೇ ಕಡಿದುಕೊಟ್ಟರು.
"ಎಂತ ಮಾರಾಯ್ತಿ, ಫ್ರಿಜ್ಜು ತರ್ತೇನೆ ಅಂದವಳು
ಇದೆಂತದು ತಂದದ್ದು?" ಎಂದೂ ಕೇಳಿದರು.
ಉತ್ತರ ನನ್ನಲ್ಲಿಯೂ ಇರಲಿಲ್ಲ.

ಮೂಡೆ ಬೇಯಿಸುವ ಪಾತ್ರೆಯಲ್ಲಿ ಬೇರಿಂಗುಗಳು
ಸೀಮೆಎಣ್ಣೆ ಕುಡಿಯುತ್ತ ಮಲಗಿದವು.
ಮಗಳು ಯಶಿತಾಳ ಉಗುರಿನಡಿ ಗ್ರೀಸು,
ಗಣಿತದ ನೋಟ್ಸಿನ ಕೊನೆಯ ಪುಟದಲ್ಲಿ
ಕಾರ್ಬ್ಯುರೇಟರಿನ ಹೊಟ್ಟೆಯ ಚಿತ್ರ:
ಯಾವ ಸ್ಪ್ರಿಂಗು ಎಲ್ಲಿ, ಯಾವ ವಾಷರು ಯಾವುದರ ಮೇಲೆ,
ಜೋಡಿಸಿ ಮುಗಿದ ಮೇಲೆ ಉಳಿದ ಒಂದಕ್ಕೆ
ದೊಡ್ಡ ಪ್ರಶ್ನೆಯ ಗುರುತು.
ಆ ವಾಷರು ಇವತ್ತಿಗೂ ನನ್ನ ಬೀಗದಕೈ ಗೊಂಚಲಲ್ಲಿ ಉಂಟು.

ಬಣ್ಣ ಕೆರೆದಂತೆ ಟ್ರಕ್ಕು ಹಿಂದೆ ಹಿಂದೆ ಹೋಯಿತು.
ಮೇಲೆ ನೀಲಿ, ಯಾವುದೋ ಮಂಜುಗಡ್ಡೆ ಫ್ಯಾಕ್ಟರಿಯದ್ದು,
ಕೆರೆದ ಪುಡಿಗೂ ಬೂತಾಯಿಯ ವಾಸನೆ.
ಅದರಡಿ ಹಳದಿ, ಯಾರದೋ ಗೊತ್ತಾಗಲಿಲ್ಲ.
ಅದರಡಿ ಕಾವಿಕೆಂಪು, ಅರ್ಧ ಅಳಿಸಿದ ಅಕ್ಷರ:
ಟೈಲ್ ವರ್ಕ್ಸ್.
ಇವರು ಉಪ್ಪುಕಾಗದ ಬಿಸಾಡಿ ಒಳಗೆ ಓಡಿದರು,
ತಾಯಿಯನ್ನು ಕೈಹಿಡಿದು ಕರೆತಂದರು.

ಅತ್ತೆ ಹದಿಮೂರಕ್ಕೇ ಹಂಚಿನ ಕಾರ್ಖಾನೆಗೆ ಹೋದವರು,
ಹಸಿ ಹಂಚು ಹೊತ್ತು ನೆತ್ತಿಯ ಕೂದಲು ಸವೆಸಿದವರು.
ಹೊಳೆಬದಿಯಿಂದ ಆವೆಮಣ್ಣು ತರುವ ಟ್ರಕ್ಕಿನ ಕತೆ
ನಾವೆಲ್ಲ ಅವರ ಬಾಯಿಂದಲೇ ಕೇಳಿದ್ದು.
ಒಂದು ಸುತ್ತು ಬಂದರು.
ಬಾಗಿಲು ತೆರೆದು ಮುಚ್ಚಿ ಅದರ ಸದ್ದು ಕೇಳಿದರು.
ಬಂಪರನ್ನು ಹೆಬ್ಬೆರಳಿನಿಂದ ಒರೆಸಿದರು.
"ಅದಲ್ಲ ಇದು," ಎಂದರು.
"ಅದಕ್ಕೆ ಒಂದು ಕಣ್ಣು ಇರಲಿಲ್ಲ."
ಒಳಗೆ ಹೋಗಿ ವೀಳ್ಯದ ತಟ್ಟೆ ಎಳೆದುಕೊಂಡರು.

ಲೈಟು ಆಮೇಲೆ ಯಾರಾದರೂ ಹಾಕಿಸಿರಬಹುದಲ್ಲ,
ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಇವರು ಹೇಳಿದರು,
ನನಗಲ್ಲ, ಗೋಡೆಗೆ.

ಸಿಸಿಲಿಯಾ ಬಾಯಿ ಕುಸ್ವಾರ್ ತಂದ ಸಂಜೆ
ಎಂಜಿನ್ನು ಕೆಮ್ಮಿತು, ಉಗುಳಿತು,
ಮತ್ತೆ ನಿಲ್ಲಲಿಲ್ಲ.
ಎರಡು ಸೀಟುಗಳ ನಡುವೆ, ಪೆಟ್ಟಿಗೆಯೊಳಗೆ ಅದರ ವಾಸ.
ಪೆಟ್ಟಿಗೆ ಬೆಚ್ಚಗಾಗುತ್ತದೆ ಎಂದು ಮೊದಲು ಕಂಡುಹಿಡಿದವರು ಅತ್ತೆ.
ಈಗ ದಿನಾ ದೀಪ ಹಚ್ಚಿದ ಮೇಲೆ ಬಂದು
ಮೊಣಕಾಲುಗಂಟು ಅದಕ್ಕೆ ತಾಗಿಸಿ ಕೂರುತ್ತಾರೆ.
"ಸ್ವಲ್ಪ ಸ್ಟಾರ್ಟು ಮಾಡು ಜಯಕರಾ."
ಪೆಟ್ರೋಲಿನ ಲೆಕ್ಕ ನನ್ನದು.

ಬ್ರೇಕು ಮಾತ್ರ ಮಾತು ಕೇಳಲಿಲ್ಲ.
ನಿಲ್ಲಿಸಿದಲ್ಲೆಲ್ಲ ಯಾರಾದರೂ ಹಾರಿ
ಚಕ್ರಕ್ಕೆ ಕಲ್ಲು ಕೊಡಬೇಕು.
ಕೆಲಸ ನನಗೆ ಬಿತ್ತು.
ತೂತುತೂತಿನ ಕೆಂಪುಕಲ್ಲು, ಎಳೆಮಗುವಿನ ತೂಕದ್ದು,
ಹಿಂದೆ ಕೂತ ನನ್ನ ಮಡಿಲಲ್ಲಿ.

ಮೊದಲ ಭಾನುವಾರ ನೇತ್ರಾವತಿಯ ಬದಿಗೆ ಹೋದೆವು.
ಅತ್ತೆ ತೋರಿಸಿದ ದಾರಿ ಈಗ ದಾರಿಯೇ ಅಲ್ಲ:
ಮಣ್ಣು ತೆಗೆದ ಹಳೆಯ ಹೊಂಡ, ಆಪು, ಕೆಸರು.
ಹಿಂದಿನ ಚಕ್ರ ಅಲ್ಲಲ್ಲೇ ತಿರುಗಿ
ಇಳಿದು ತಳ್ಳಲು ಹೋದ ನನ್ನ ಮುಖಕ್ಕೆ
ಹಂಚಿನ ಮಣ್ಣು ಬಳಿದವು.
ಯಶಿತಾ ಎರಡನೆಯ ಲಿವರಿಗೆ ಎರಡೂ ಕೈ ಹಾಕಿದಳು,
ಕಾಲನ್ನೂ ಕೊಟ್ಟಳು.
ಕಟಕ್.
ಮುಂದಿನ ಚಕ್ರಗಳಿಗೆ ಆಗ ಎಚ್ಚರ.
ಎಮ್ಮೆ ಮಡುವಿನಿಂದ ಏಳುವ ಹಾಗೆ
ನಾಲ್ಕೂ ಕಾಲೂರಿ, ಅವಸರವಿಲ್ಲದೆ, ಎದ್ದು ಬಂತು.

ಅತ್ತೆ ನಗುತ್ತಿದ್ದರು.
ಅವರ ಹಲ್ಲು ಎಷ್ಟು ಉಳಿದಿವೆಯೆಂದು
ಹದಿನಾರು ವರ್ಷದಲ್ಲಿ ಅವತ್ತೇ ನಾನು ಕಂಡದ್ದು.
"ಅದು ಕೂಡ ಹೀಗೇ," ಎಂದರು. ಅಷ್ಟೇ.

ಬ್ರೇಕು ಈಗ ಸರಿಯಾಗಿದೆ, ಹಿಡಿದರೆ ಹಿಡಿಯುತ್ತದೆ.
ಆ ಕಲ್ಲು ಇಳಿಸು ಎಂದು ಇವರು ಎರಡು ಸಲ ಹೇಳಿದರು.
ಅದು ಇರಲಿ, ಎಂದೆ.
ಮೂಡೆಗೆ ಪಾತ್ರೆ ಇಲ್ಲ, ಮೊದಲು ಅದನ್ನು ತನ್ನಿ.