ಕಿವಿರು

ಕರೆಂಟು ಬಂದ ಮೇಲೆ, ಮೂರರ ಸುಮಾರಿಗೆ, ಶೇವಂತಿ ತಾಂಡೇಲ
ನನ್ನ ಝೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ
ಖಾಲಿ ಬುಟ್ಟಿ ಕವುಚಿಟ್ಟು, ಸೆರಗಿಗೆ ಕೈ ಒರೆಸಿ,
ಒಂದು ಚೀಟಿ ಕೊಟ್ಟಳು: ಹಡಗಿನ ಹೆಸರು,
ಕಪ್ತಾನನ ಹೆಸರು, ಮನಿಲಾದ ವಿಳಾಸ.
ಬಂದರಿನ ಏಜೆಂಟನ ಅಕ್ಷರ, ನೀರು ಬಿದ್ದು ಹಬ್ಬಿದ್ದು.

'ಇಂಗ್ಲಿಷಲ್ಲಿ ಒಂದು ಕಾಗದ. ನಾಲ್ಕೇ ಸಾಲು.
ತಮ್ಮನ್ನ ಎತ್ತಿ ಮೇಲೆ ಹಾಕ್ಕೊಂಡ, ಅನ್ನ ಕೊಟ್ಟ, ಒಣ ಅಂಗಿ ಕೊಟ್ಟ.
ಉಪಕಾರ ಆಯ್ತು ಅಂತ ಬರಿ. ಸುಳ್ಳು ಬ್ಯಾಡ.'

ಥ್ಯಾಂಕ್ಸ್ ಎಂದು ಹೊಡೆದೆ. ಅದರ ಮುಂದೊಂದು ಪದ ಬೇಕು;
ಇಂಗ್ಲಿಷಿನಲ್ಲಿ ಥ್ಯಾಂಕ್ಸು ಒಬ್ಬಂಟಿಯಾಗಿ ಹೊರಟರೆ ಚೆನ್ನಲ್ಲ.
ಸಿನ್ಸಿಯರ್, ಎಂದೆ.
ಅದು ಅವಳಿಗೆ ಗೊತ್ತಿತ್ತು. ದೋಣಿ ಸಾಲದ ನೋಟೀಸು
ಹೋದ ವರ್ಷ ನಾನೇ ಓದಿ ಹೇಳಿದ್ದೆ,
ಕೊನೆಯಲ್ಲಿ, ಸಹಿಯ ತಲೆಯ ಮೇಲೆ, ಅದೇ ಕೂತಿತ್ತು.

ಮೌಸಿನ ಬಲಗುಂಡಿ ಒತ್ತಿದೆ.
ಬಲೆ ಬಿಚ್ಚಿದ ಹಾಗೆ ಸುರಿಯಿತು ಪರ್ಯಾಯಗಳ ರಾಶಿ.

ಅರ್ನೆಸ್ಟ್?
'ಟೆಂಡರಿಗೆ ಮೊದಲೇ ಕಟ್ಟೂ ದುಡ್ಡಲ್ವಾ ಅದು?
ಮಾರ್ಕೆಟ್ಟಿನ ಕಟ್ಟೆಗೆ ಕಟ್ಟಿದ್ವಲ್ಲ, ವಾಪಸ್ ಬರ್ಲಿಲ್ಲ.'
ಬೇಡುವಾಗಲೂ ಬಳಸುತ್ತಾರೆ, ಎಂದೆ, ಜೀವ ಹಿಡಿದು ಬೇಡುವಾಗ.
'ಬೇಡಿದ್ದು ಆ ರಾತ್ರಿ. ಈಗ ಎಂತ ಬೇಡೂದು?'

ಜೆನ್ಯುಯಿನ್ ಎಂದರೆ ನಕ್ಕೇಬಿಟ್ಟಳು.
ಎಂಜಿನ್ ಪಾರ್ಟಿನ ಡಬ್ಬದ ಮೇಲೆ ಹೊಳೆಯುವ ಸ್ಟಿಕರು:
'ಹಾಂಗೆ ಬರ್ದದ್ದೇ ಡೂಪ್ಲಿಕೇಟು.'

ಹಾರ್ಟ್‌ಫೆಲ್ಟ್ ನನಗೇ ಬೇಡವಾಯಿತು.
ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಎಷ್ಟು ಸಲ ಜೋಡಿಸಿಲ್ಲ,
ಯಾರು ಸತ್ತರೂ ಅದೇ ಫಾಂಟು, ಅದೇ ಗುಲಾಬಿಯ ಅಂಚು,
ಚದರಡಿಗೆ ಇಷ್ಟು.

ಶಾಲೆಯಲ್ಲಿ ಇವೆಲ್ಲಕ್ಕೂ ಒಂದೇ ಅರ್ಥ ಬರೆದು
ಹತ್ತಕ್ಕೆ ಹತ್ತು ತೆಗೆದವಳು ನಾನು.
ಸಿನ್ಸಿಯರ್‌ನಲ್ಲಿ ಸುಳ್ಳಿಲ್ಲ, ಆದರೆ ಬಿಸಿ ಇರಲೇಬೇಕೆಂದಿಲ್ಲ.
ಅರ್ನೆಸ್ಟ್‌ಗೆ ನಗು ಬಾರದು.
ಹಾರ್ಟ್‌ಫೆಲ್ಟ್ ಒದ್ದೆ, ಆದರೆ ಎಷ್ಟು ಹೊತ್ತಿನ ಒದ್ದೆ
ಹೇಳುವುದಿಲ್ಲ.
ಇದನ್ನೆಲ್ಲ ಅವಳಿಗೆ ಹೇಳಿದೆನೋ, ನನಗೇ ಹೇಳಿಕೊಂಡೆನೋ.

'ಮೀನಾದ್ರೆ ಕಿವಿರು ಎತ್ತಿ ನೋಡ್ತೆ,' ಎಂದಳು.
'ಕೆಂಪಿದ್ರೆ ತಾಜಾ. ಬೆರಳಲ್ಲಿ ಒತ್ತಿದ್ರೆ
ಕುಳಿ ತಿರುಗಿ ಮೇಲೆ ಬರ್ಬೇಕು.
ಇವಕ್ಕೆ ಎಲ್ಲಿ ಒತ್ತೂದು?'

ಉಳಿದದ್ದು ಒಂದು. ಹೋಲ್‌ಹಾರ್ಟೆಡ್.
ಪೂರ್ತಿ ಹೃದಯದಿಂದ, ಎಂದೆ. ದೊಡ್ಡ ಪದ,
ಕಪ್ತಾನನಿಗೆ ಸರಿಹೋಗುತ್ತದೆ.

ಐಸು ತುಂಬಿದ ಟೆಂಪೋ ಒಂದು ಬೈತಖೋಲದ ಕಡೆ
ರಸ್ತೆಯುದ್ದ ತೊಟ್ಟಿಕ್ಕುತ್ತ ಹೋಯಿತು.
ಅದು ತಿರುವು ದಾಟುವವರೆಗೂ ಸುಮ್ಮನಿದ್ದಳು.

'ದೋಣಿಯಲ್ಲಿ ಇಬ್ರಿದ್ರು.
ತಮ್ಮ ಸಿಕ್ಕಿದ.
ಅವ್ರು ಸಿಕ್ಲಿಲ್ಲ.
ಪೂರ್ತಿ ಅಂತ ಬರೀಬ್ಯಾಡ.'

ನನಗೆ ಗೊತ್ತಿರಲಿಲ್ಲ. ಇಲ್ಲ, ಗೊತ್ತಿತ್ತು:
ಪೇಪರಿನಲ್ಲಿ ಎರಡು ಹೆಸರು ಓದಿದ್ದೆ,
ಎರಡನೆಯವ ಯಾರ ಮನೆಯವನೆಂದು
ಹದಿನೆಂಟು ದಿನದಲ್ಲಿ ಯಾರನ್ನೂ ಕೇಳಿರಲಿಲ್ಲ.

ಪರದೆಯ ಮೇಲೆ ಆ ಗೆರೆ ಮಿಣುಕುತ್ತಿತ್ತು,
ಇದೆ, ಇಲ್ಲ, ಇದೆ, ದೇವಗಡದ ದೀಪದ ಹಾಗೆ.

'ದೇವ ಬರೇ ಕರೂ, ಅಂತ ಹಾಕು. ಸಾಕು.'
ಅವನಿಗೆ ಕೊಂಕಣಿ ತಿಳಿಯುವುದಿಲ್ಲ, ಶೇವಂತಿ.
'ಯಾರನ್ನಾರೂ ಕೇಳ್ತ.
ಕೇಳೂವಷ್ಟು ಹೊತ್ತು ನಮ್ಮ ನೆನಪು ಮಾಡ್ತನಲ್ಲ.'

ಇಂಗ್ಲಿಷ್ ಅಕ್ಷರದಲ್ಲೇ ಹೊಡೆದೆ ಮೂರೂ ಪದ.
ಮೂರಕ್ಕೂ ತಪ್ಪೆಂದು ಯಂತ್ರ
ಕೆಳಗೆ ಡೊಂಕು ಗೆರೆ ಎಳೆಯಿತು.
ಅವಳು ಬಗ್ಗಿ, ಪರದೆಗೆ ಮುಖ ತಂದು ನೋಡಿದಳು.
'ಕೆಂಪದೆ,' ಎಂದಳು.

ಪ್ರಿಂಟು ತೆಗೆದೆ. ಬೇಡವೆಂದರೂ ಹತ್ತು ರೂಪಾಯಿ ಇಟ್ಟಳು,
ನೋಟಿಗೊಂದು ಹುರುಪೆ ಅಂಟಿತ್ತು.
ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು,
ಹಿಂದೆ ಮುಂದೆ ತಿರುಗಿಸಿ:
'ಕೆಂಪೆಲ್ಲಿ?'

ಅದು ಕಾಗದಕ್ಕೆ ಬರುವುದಿಲ್ಲ, ಎಂದೆ.