ಇಲಿಯ ಮೇಲೆ ಗೂಬೆ

ಹೆಸರಿಗಷ್ಟೇ ಸೌತ್ ಡಕೋಟಾ.
ಸೌತು ಬೋರ್ಡಿನ ಮೇಲಿದೆ, ಬೋರ್ಡಿನ ಕೆಳಗೆ
ಮೈನಸ್ ಇಪ್ಪತ್ತೇಳು.
ರಸ್ತೆಗೆ ಅಡ್ಡಡ್ಡ ಹರಿದಾಡುವ ಒಣ ಹಿಮದ ಪುಡಿ.
ಯಾರ್ಕ್‌ಟನ್ ಬಿಟ್ಟು ಎರಡು ದಿನ,
ಅರಿಜೋನಾಕ್ಕೆ ಇನ್ನೂ ನಾಲ್ಕು,
ಅಷ್ಟರಲ್ಲಿ ಇದು.

ವ್ಯಾನು ಅಂದರೆ ಅರ್ಧ ಗಾಡಿ, ಅರ್ಧ ಮನೆ.
ಗಾಡಿ ಓಡುತ್ತಿತ್ತು. ಮನೆ ಕೆಟ್ಟಿತ್ತು.
ಮೊದಲು ಹೀಟರು ಕೆಮ್ಮಿತು, ಉಣ್ಣೆ ಸುಟ್ಟ ವಾಸನೆ,
ಆಮೇಲೆ ಸುಮ್ಮನಾಯಿತು.
ಬೆಳಗಿನ ಜಾವ ಸಿಂಕಿನಡಿ
ಯಾರೋ ನೆಟಿಗೆ ಮುರಿದ ಹಾಗೆ ಒಂದು ಸದ್ದು.
ಪೈಪು ಸೀಳಿತ್ತು.
ಎರಡು ಕೋಟು, ಮೂರು ಕಂಬಳಿ,
ಟೀ ಪಾತ್ರೆಯ ಉಣ್ಣೆಕುಲಾವಿ ನನ್ನ ತಲೆಗೆ.
ಮದುವೆಯಾದ ಹೊಸತರಲ್ಲೂ
ಇಷ್ಟು ಒತ್ತಿಕೊಂಡು ಮಲಗಿರಲಿಲ್ಲ ನಾವು.

ಇಪ್ಪತ್ತೆರಡು ಚಳಿಗಾಲ ಹೋಗಿ ಬಂದಿದ್ದೇವೆ.
ಹೊರಡುವ ಹಿಂದಿನ ದಿನ ಓರೆಸ್ಟ್
ವ್ರತ ಹಿಡಿದವನ ಹಾಗೆ,
ಟ್ಯಾಂಕಿನ ನೀರು ಬಸಿದು,
ಪೈಪಿಗೆ ಹೆಪ್ಪುಗಟ್ಟದ ಗುಲಾಬಿ ದ್ರವ ಹೊಯ್ದು,
ಹೀಟರಿನ ತೂತಿಗೆ ತಂತಿಜಾಲರಿ ಬಿಗಿದು,
ಒಂದೊಂದಕ್ಕೂ ಪಟ್ಟಿಯಲ್ಲಿ ಟಿಕ್ ಹಾಕಿ,
ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದು
‘ಹತ್ತು, ವೆರ್ನಾ’ ಅನ್ನುವನು.
ಈ ಸಲವೂ ಅಂದ.
ಪೆನ್ಸಿಲು ಕಿವಿಯಲ್ಲೇ ಇತ್ತು.

ಗ್ಯಾರೇಜಿನ ಲವರ್ನ್, ಬಾಯಲ್ಲೊಂದು ಬೆಂಕಿಕಡ್ಡಿ,
ಚರ್ಚಿಗೆ ಹೋದ ಷರಟಿನಲ್ಲೇ ಒಳಗೆ ತೂರಿದ.
ಬೆಂಚು ಕಿತ್ತ, ನೆಲದ ಹಲಗೆ ಎಬ್ಬಿಸಿದ,
ನನ್ನ ಬೀಟ್‌ರೂಟ್ ಜಾಡಿಗಳನ್ನು ಹಿಮದ ಮೇಲೆ
ಶಾಲೆಯ ಮಕ್ಕಳಂತೆ ಸಾಲಾಗಿ ನಿಲ್ಲಿಸಿದ.
ಬೆಟ್ಟ ಅಗೆದು ಇಲಿ ಹಿಡಿದರಂತೆ,
ಲವರ್ನ್‌ಗೆ ಇಲಿಯೂ ಸಿಗಲಿಲ್ಲ;
ಸಿಕ್ಕಿದ್ದು ಅದರ ಮನೆ.
ಫ್ಯಾನಿನೊಳಗಿಂದ ಒಂದು ಮುಷ್ಟಿ ಗೂಡು,
ಗೋಡೆಯ ಹತ್ತಿ, ನನ್ನದೇ ಕಾಲುಚೀಲದ ನೀಲಿ ನೂಲು,
ಒಂದಂಚು ಕರಕಲು.

‘ಜಾಲರಿ ಹಾಕಿದ್ದೆ’ ಅಂದ ಓರೆಸ್ಟ್.
ಆಮೇಲೆ ನನ್ನ ಕಡೆ ತಿರುಗಿ,
‘ಹಾಕಿದ್ದೆ ತಾನೇ?’

ಸೆಪ್ಟೆಂಬರಿನಲ್ಲಿ ಕಾರಿನ ಕೀಲಿ ಫ್ರೀಜರಿನಲ್ಲಿ ಸಿಕ್ಕಿತ್ತು,
ಬಟಾಣಿ ಚೀಲದ ಅಡಿ.
ಇಬ್ಬರೂ ನಕ್ಕಿದ್ದೆವು.

ಬೀರುವಿನ ಬಾಗಿಲ ಒಳಮೈಗೆ ಪಟ್ಟಿ ಅಂಟಿಸಿತ್ತು,
ಇಡಿಯಾಗಿ, ಯಾವ ಹಲ್ಲೂ ಸೋಕದೆ.
ಕಳೆದ ವರ್ಷದ ತನಕ ಟಿಕ್ಕು,
ಪಕ್ಕದಲ್ಲಿ ಈ ವರ್ಷದ ಖಾಲಿ ಸಾಲು.
ಕಿತ್ತು ಕೈಗವಸಿನೊಳಗೆ ತುರುಕಿದೆ.
‘ಪಟ್ಟಿಯನ್ನೇ ತಿಂದುಬಿಟ್ಟಿದೆ ಕಣೋ, ಹಾಳಾದ್ದು,
ಪಟ್ಟಿ ಇಲ್ಲದೆ ಯಾರಿಗೆ ನೆನಪಿರುತ್ತೆ?’
ಇಪ್ಪತ್ತು ಗ್ರಾಂ ತೂಗದ ಪ್ರಾಣಿಯ ಮೇಲೆ
ಅಷ್ಟು ದೊಡ್ಡ ಗೂಬೆ ಕೂರಿಸಿದೆ.

ಲವರ್ನ್ ಬಾಗಿಲಿನ ಮೇಲಿನ ಹಸಿ ಅಂಟಿನ ಗುರುತು ನೋಡಿದ.
ನನ್ನನ್ನು ನೋಡಿದ.
ಬೆಂಕಿಕಡ್ಡಿಯನ್ನು ಬಾಯ ಈ ಕಡೆಯಿಂದ ಆ ಕಡೆಗೆ ಹೊರಳಿಸಿ,
‘ತಿನ್ನುತ್ತವೆ ಸ್ವಾಮೀ. ಹೋದ ತಿಂಗಳು
ನನ್ನ ರಸೀದಿ ಪುಸ್ತಕ ತಿಂದವು’ ಅಂದ.
ರಸೀದಿ ಇಲ್ಲದೆಯೇ ಅರವತ್ತು ಡಾಲರು,
ಒಂದು ಜಾಡಿ ಬೀಟ್‌ರೂಟು ತಗೊಂಡ.

ಓರೆಸ್ಟನ ಭುಜ ಸಡಿಲಾಯಿತು.
ರಾಜ್ಯದ ಗಡಿಯವರೆಗೂ ಇಲಿಗೆ
ಯುಕ್ರೇನಿಯನ್ನಿನಲ್ಲಿ ಬೈಯುತ್ತ ಬಂದ.
ಅಜ್ಜಿಯ ಬೈಗುಳ, ಒಂದೂ ಮರೆತಿರಲಿಲ್ಲ.

ನೆಬ್ರಾಸ್ಕಾದ ರಾತ್ರಿ. ಹೀಟರಿನ ಗುನುಗು, ಅವನ ಗೊರಕೆ,
ಸಿಂಕಿನಡಿ ಕರಕರ.
ಅದೂ ದಕ್ಷಿಣಕ್ಕೇ ಹೊರಟಿದೆ.
ದೀಪ ಹಾಕದೆ ಎದ್ದು
ಒಂದು ಬಿಸ್ಕತ್ತು ಮುರಿದು ಕೆಳಗಿಟ್ಟೆ.
ಕೈಗವಸಿನಿಂದ ಪಟ್ಟಿ ತೆಗೆದು, ಸದ್ದಾಗದಂತೆ,
ಉದ್ದುದ್ದಕ್ಕೆ ಹರಿದು ಪಕ್ಕದಲ್ಲಿ ಸುರಿದೆ.

ಬೆಳಗ್ಗೆ ನೋಡಿದರೆ ಬಿಸ್ಕತ್ತು ಹಾಗೇ ಇತ್ತು.
ಕಾಗದ ಇರಲಿಲ್ಲ.