ಅರ್ಧ ಕೂದಲೆಳೆ

ಮಲ್ಪೆ ದಕ್ಕೆ, ಬೆಳಗಿನ ಜಾವ ನಾಲ್ಕೂವರೆ.
ಬೊಂಡಾಸಿನ ತಲೆ ಕೊಯ್ದು
ಕಣ್ಣು ಮಾತ್ರ ನನ್ನ ಡಬ್ಬಿಗೆ ಹಾಕುತ್ತ
ಬೇಬಿಯಕ್ಕ ಕೇಳುತ್ತಾಳೆ, ಪ್ರತಿ ಸಲವೂ:
‘ಉಂದೆನ್ ಏರ್ ತಿನ್ಪೆರ್ ಮಗಾ?’
ತಿನ್ನಲಿಕ್ಕಲ್ಲ ಅಕ್ಕ, ನೋಡಲಿಕ್ಕೆ.
‘ಕಣ್ಣನ್ನು ನೋಡಲಿಕ್ಕಾ!’ ನಗುತ್ತಾಳೆ,
ಪೊರೆ ಬಂದ ಬಲಗಣ್ಣು ಅರ್ಧ ಮುಚ್ಚಿ.

ಕಪ್ಪು ಬಟ್ಟೆ ಸುತ್ತಿದ ಡಬ್ಬಿ ಮಡಿಲಲ್ಲಿ,
ಮಣಿಪಾಲಕ್ಕೆ ಮೊದಲ ಬಸ್ಸು.
ಕಂಡಕ್ಟರ್ ಮೂಗು ಮುಚ್ಚಿಕೊಂಡೇ ಟಿಕೆಟು ಹರಿದ.
ಬೆಳಗಾಗುವ ಮೊದಲು ಮುಟ್ಟಬೇಕು:
ಬೆಳಕು ಸೋಕಿದರೆ
ನಾನು ಕಾಣಬೇಕಾದದ್ದು ಆಗಿಹೋಗಿರುತ್ತದೆ.

ಮಂಕು ಕೆಂಪು ದೀಪ. ಗಾಳಿಯ ಮೇಲೆ ತೇಲುವ ಮೇಜು.
ಎರಡು ಮಿಂಚು: ಒಂದು ಎಬ್ಬಿಸಲು,
ಇನ್ನೊಂದು ಎದ್ದದ್ದನ್ನು ಹಿಡಿಯಲು.
ನಡುವಿನ ಹೊತ್ತು ಯಾವ ಗಡಿಯಾರಕ್ಕೂ ನಿಲುಕದು;
ಕನ್ನಡಿಯೊಂದನ್ನು ಹಿಂದೆ ಸರಿಸುತ್ತೇವೆ, ಅರ್ಧ ಕೂದಲೆಳೆ.
ಬೆಳಕು ಅಷ್ಟು ದೂರ ಹೋಗಿ ಬರುವುದರೊಳಗೆ
ಪ್ರೋಟೀನಿನ ಹೊಟ್ಟೆಯಲ್ಲಿದ್ದ ಡೊಂಕು ಸರಪಳಿ
ನೆಟ್ಟಗಾಗಿರುತ್ತದೆ.
ಎವೆಯಿಕ್ಕುವಷ್ಟರಲ್ಲಿ ಅನ್ನುತ್ತೇವಲ್ಲ,
ಒಂದು ಎವೆಗೆ ಇಂಥವು ಲಕ್ಷ ಕೋಟಿ.

ಆಮೇಲೆ ಎಲ್ಲ ನಿಧಾನ.
ನಿದ್ದೆಯಲ್ಲಿ ಕೂಸು ಕಾಲು ಚಾಚಿದರೆ
ಎಚ್ಚರಾಗದೆಯೇ ತಾಯಿ ಜರುಗುವ ಹಾಗೆ
ಇಡೀ ಪ್ರೋಟೀನು ಆಚೀಚೆ ಸರಿದು ಜಾಗ ಬಿಡುತ್ತದೆ.

ಮೂರು ರಾತ್ರಿ ಪರದೆಯ ಮೇಲೆ ಬರೀ ಗದ್ದಲ.
ಒಂದು ಸಲ ಕರೆಂಟು, ಒಂದು ಸಲ ನನ್ನದೇ ಸೀನು.
ನಾಲ್ಕನೆಯ ರಾತ್ರಿ, ಎರಡು ಗಂಟೆ ದಾಟಿ,
ಗೆರೆ ಬಾಗಿತು.
ಬಾಗಿ, ಸಣ್ಣಗೆ ನಡುಗುತ್ತ ಎದ್ದಿತು.

ಪ್ರಾಣಿ ಸತ್ತು ಹನ್ನೊಂದು ದಿನ.
ಅದರ ಕಣ್ಣು ಒಂದು ಹನಿಯಾಗಿ
ಇನ್ನೂ ಬೆಳಕನ್ನು ಎದುರುಗೊಳ್ಳುತ್ತಿದೆ;
ಸುದ್ದಿ ಮುಟ್ಟಿಸೋಣವೆಂದರೆ ಹಿಂದೆ ಯಾರೂ ಇಲ್ಲ.
ಇದು ನೋಟವೋ, ಬರೀ ರೂಢಿಯೋ?
ವಲೇರಿಯನ್‌ನನ್ನು ಕೇಳಿದೆ.
‘ಮೊದಲು ಆ ಕನ್ನಡಿ ಒರೆಸು’ ಅಂದ.

ಎರಡು ತಿಂಗಳು ಬೋಟುಗಳು ದಡದಲ್ಲೇ ಇದ್ದವು.
ಆಗಸ್ಟಿನಲ್ಲಿ ಹೋದರೆ
ಬೇಬಿಯಕ್ಕನ ಪೊರೆ ತೆಗೆದಾಗಿದೆ.
ಐಸಿನ ಚೂರೊಂದನ್ನು ಟ್ಯೂಬ್‌ಲೈಟಿಗೆ ಹಿಡಿದು
ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ.
‘ಇದು ನೀಲಿ ಮಾರಾಯ್ತಿ!
ಮೂವತ್ತು ವರ್ಷ ತಲೆಮೇಲೆ ಹೊತ್ತೆ,
ಒಬ್ಬರಾದರೂ ಹೇಳಬಾರದಾ?’

ಆಮೇಲೆ ನನ್ನ ಡಬ್ಬಿ ಕಂಡು,
ದನಿ ತಗ್ಗಿಸದೆಯೇ:
‘ಇನ್ನು ಮೇಲೆ ಕಣ್ಣಿಗೆ ಬೇರೆ ರೇಟು.’